ಹನ್ನೊಂದು ವರ್ಷದ ಮೊದಲ ಸಾಲು

ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಆ ಮೆಕ್ಯಾನಿಕರನ್ನು ಬೀದಿಯವರೆಲ್ಲ ‘ಸುರುಳಿ ಮಾವ’ ಎನ್ನುತ್ತಿದ್ದರು. ಬೀರುವಿನಷ್ಟು ದೊಡ್ಡದಾದ ಎರಡು ಹಳೇ ಸ್ಪೀಕರ್ ಪೆಟ್ಟಿಗೆಗಳು ಅವರ ನಡುಮನೆಯಲ್ಲಿ ಹೊಟ್ಟೆ ಬಗೆದುಕೊಂಡು ನಿಂತಿದ್ದವು. ಡ್ರಮ್ಮಿನ ಗುಡುಗು ಪೆಟ್ಟಿಗೆಯೊಳಗಿನ ದೊಡ್ಡ ಸ್ಪೀಕರಿಗೆ, ಗಾಯಕಿಯ ಕಂಠ ನಡುವಿನದಕ್ಕೆ, ತಾಳದ ಕಿಣಿಕಿಣಿ ಸಣ್ಣದಕ್ಕೆ ಎಂದು ಪಾಲು ಮಾಡಿಕೊಡುವ ಕ್ರಾಸ್‌ಓವರ್ ಎಂಬ ಸರ್ಕ್ಯೂಟನ್ನು ಮಾವ ಹನ್ನೊಂದು ವರ್ಷದಿಂದ ‘ಇನ್ನೇನು ಮುಗಿಸಿಬಿಟ್ಟೆ’ ಎನ್ನುತ್ತಿದ್ದರು. ಅಣ್ಣತಮ್ಮಂದಿರ ಆಸ್ತಿ ಪಾಲಿಗೂ ಇಷ್ಟು ದಿನ ಹಿಡಿಯುವುದಿಲ್ಲ.

ಪರೀಕ್ಷೆಗೆ ಒಂದೇ ಹಾಡು. ಗಾಯಕಿ ಪಲ್ಲವಿಯ ಮೊದಲ ಸಾಲು ಮುಗಿಸುವಷ್ಟರಲ್ಲಿ ಮಾವ ಮುಖ ಕಿವುಚಿ ಹಾಡು ನಿಲ್ಲಿಸುತ್ತಿದ್ದರು. ತಾಮ್ರದ ಸುರುಳಿಯಿಂದ ಎರಡು ಸುತ್ತು ಬಿಚ್ಚಿ, ಬೆಸುಗೆ ಹಾಕಿ, ಮತ್ತೆ ಮೊದಲಿಂದ ಶುರು. ಕಿವಿ ಅಷ್ಟು ಸೂಕ್ಷ್ಮ! ಕುಕ್ಕರ್ ಮಾತ್ರ ಏಳು ಸಲ ಕೂಗಿದರೂ ಕೇಳಿಸುತ್ತಿರಲಿಲ್ಲ. ಮನೆಗೆ ಬಂದ ನೆಂಟರು ಆ ಸಾಲು ಕಿವಿಗೆ ಬಿದ್ದ ಕೂಡಲೇ ಚಪ್ಪಲಿ ಹುಡುಕುತ್ತಿದ್ದರು.

ಮಾವನ ಹೆಂಡತಿ ತಮ್ಮ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದರು. ಬ್ಯಾಗು ಇಳಿಸುತ್ತಲೇ, “ರೀ, ನಿಮ್ಮ ಹಾಡು ಪೂರ್ತಿ ಕೇಳ್ದೆ. ಅವಳ ಅಡುಗೆಮನೆ ರೇಡಿಯೋದಲ್ಲಿ ಬಂತು” ಎಂದರು.

“ಆ ಡಬ್ಬಾ ರೇಡಿಯೋದಲ್ಲಾ? ಇರೋದೇ ಒಂದು ಸ್ಪೀಕರ್ರು, ಅದೂ ಅಂಗೈಯಷ್ಟು! ದನಿಯೆಲ್ಲ ಮೂಗಿಂದ ಬಂದಿರತ್ತೆ.”

“ಬಂದಿರ್ಲಿ. ಎರಡನೇ ಚರಣಕ್ಕೆ ನಾವಿಬ್ರೂ ಒಲೆ ಆರಿಸಿ ಕೂತು ಅತ್ತುಬಿಟ್ವಿ.”

ಸೋಲ್ಡರಿಂಗ್ ಐರನ್ ಹಿಡಿದಿದ್ದ ಮಾವ ಮೆಲ್ಲಗೆ ತಲೆಯೆತ್ತಿದರು.

“ಅದಕ್ಕೆ ಎರಡನೇ ಚರಣಾನೂ ಇದ್ಯಾ?”