ಕಂಡಕ್ಟರಮ್ಮನ ವಾಂತಿ

ಬಸ್ಸಿನಲ್ಲಿ ವಾಂತಿ ಮಾಡುವವರನ್ನು ಕಂಡರೆ ನನಗಾಗುತ್ತಿರಲಿಲ್ಲ. ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ನಾನು. "ಒಂದು ಕವರ್ ತರಕ್ಕಾಗಲ್ವಾ?" ಎಂದು ರೇಗುತ್ತಿದ್ದೆ.

ಬಸುರಿಯಾದೆ. ಮದ್ದೂರಿನಲ್ಲಿ ವಡೆ ಮಾರುವವನು ಬುಟ್ಟಿ ಹೊತ್ತು ಬಸ್ಸು ಹತ್ತಿದ್ದೇ ತಡ, ನಾನು ಕೆಳಗೆ ಹಾರಿದೆ. ಟಿಕೆಟ್ ಮಷೀನು ಒದ್ದೆಯಾಗದಿರಲೆಂದು ಒಂದು ಕೈ ಮೇಲೆತ್ತಿ ವಾಂತಿ ಮಾಡಿಕೊಂಡೆ. ನೋಡಿದವರಿಗೆ ಯಾರಿಗೋ ಜೈಕಾರ ಹಾಕುತ್ತಿರುವಂತೆ ಕಂಡಿರಬೇಕು.

"ರೈಟ್ ಯೋಳದು ಯಾವಾಗಮ್ಮ?" ಎಂದ ಡ್ರೈವರು. "ರೈಟ್" ಎನ್ನಲು ಬಾಯಿ ತೆರೆದೆ, ಬಂದದ್ದು ಬೇರೆ.

ಮನೆಯಲ್ಲಿ ಅತ್ತೆ ಶುಂಠಿ ಕಷಾಯ ಕೊಟ್ಟರು. "ಬಸ್ರಿ ಅಂದ್ಮೇಲೆ ವಾಂತಿ ಆಗ್ದೆ ಇದ್ದದಾ? ನಾನೂವೆ ಮೂರ್ ಎತ್ತಿವ್ನಿ. ಯಾವ್ ಡಾಕ್ಟ್ರ ತವ್ಕೂ ಓಗ್ನಿಲ್ಲ ಕಣವ್ವ."

ಹೌದಲ್ಲ ಎಂದುಕೊಂಡು ಕೆಲಸಕ್ಕೆ ಹೋಗುತ್ತಲೇ ಇದ್ದೆ. ನನ್ನ ಧೈರ್ಯಕ್ಕೆ ನಾನೇ ತಲೆದೂಗುತ್ತಿದ್ದೆ. ಹೊಟ್ಟೆ ದಪ್ಪವಾಗಬೇಕಾದ ಹೊತ್ತಿನಲ್ಲಿ ಯೂನಿಫಾರಂ ಸಡಿಲವಾಯಿತು, ಪಿನ್ನು ಹಾಕಿಕೊಂಡೆ. ಕೊನೆಗೆ ಗುಟುಕು ನೀರೂ ಒಳಗೆ ನಿಲ್ಲದಾಯಿತು. ಒಂದು ಬೆಳಿಗ್ಗೆ ಎದ್ದವಳು ತಲೆ ತಿರುಗಿ ಹಜಾರದಲ್ಲೇ ಕುಸಿದೆ.

ಅತ್ತೆ ನನ್ನ ಒಣಗಿದ ತುಟಿ ಮುಟ್ಟಿ ನೋಡಿದರು. "ಇದು ನಾವ್ ಕಂಡಿದ್ ವಾಂತಿ ಅಲ್ಲ" ಎಂದು ತಾವೇ ಆಟೊ ಕರೆಸಿ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರಮ್ಮ ತೂಕ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು. "ಇದು ಎಲ್ಲರಿಗೂ ಆಗೋ ವಾಂತಿ ಅಲ್ಲ. ಇಷ್ಟು ದಿನ ಏನ್ಮಾಡ್ತಿದ್ರಿ?"

"ತಡ್ಕೊಂಡೆ ಮೇಡಂ" ಎಂದು ಹೊಗಳಿಕೆಗೆ ಕಾದೆ.

"ತಡ್ಕೊಂಡಿದ್ದಕ್ಕೇ ಈಗ ಡ್ರಿಪ್ ಹಾಕ್ತಿರೋದು."

ಡ್ರಿಪ್ಪಿನ ಜೊತೆ ವಾಂತಿ ನಿಲ್ಲಿಸುವ ಇಂಜೆಕ್ಷನ್ನೂ ಸಿಕ್ಕಿತು. ಮಗುವಿಗೆ ಏನಾದರೂ ಆದೀತೇ ಎಂದು ನಾನು ಹೆದರಿದಾಗ ಡಾಕ್ಟರಮ್ಮ ಪಕ್ಕದಲ್ಲೇ ಕುಳಿತು ಬಿಡಿಸಿ ಹೇಳಿದರು. "ಮತ್ತೆ ನೀರು ನಿಲ್ಲದಿದ್ರೆ ಕ್ಯೂನಲ್ಲಿ ನಿಲ್ಲಬೇಡಿ, ಸೀದಾ ವಾರ್ಡಿಗೇ ಬನ್ನಿ" ಎಂದರು. ಮುಂದೆ ಹಾಗೇ ಹೋದಾಗ ಯಾರೂ "ಇದೇನು ದೊಡ್ಡದಾ" ಎನ್ನಲಿಲ್ಲ. ಆ ಸಮಾಧಾನಕ್ಕೇ ಅರ್ಧ ಚೇತರಿಸಿಕೊಂಡೆ.

ಮೊದಲ ಬಾರಿ ಮಜ್ಜಿಗೆ ಅನ್ನ ದಕ್ಕಿದಾಗ "ಒಳಗೇ ಅದೆ!" ಎಂದು ಕೂಗಿಬಿಟ್ಟೆ. ವಾರ್ಡಿನ ಬಸುರಿಯರೆಲ್ಲ ನಕ್ಕರು.

ಮಗಳು ಗಟ್ಟಿಮುಟ್ಟಾಗಿ ಹುಟ್ಟಿದಳು. ಈಚೆಗೆ ಪಕ್ಕದ ಮನೆಯ ಸೊಸೆ ವಾಂತಿ ಮಾಡಿಕೊಳ್ಳುತ್ತಾ ಕೂತಿದ್ದಳು. ನನ್ನ ಅನುಭವ ಹೇಳೋಣವೆಂದು ಗಂಟಲು ಸರಿಪಡಿಸಿಕೊಂಡು ಹೋದರೆ, ನಮ್ಮತ್ತೆ ಆಗಲೇ ಅಲ್ಲಿದ್ದರು.

"ಒಟ್ಟೇಲಿ ನೀರ್ ನಿಂತದಾ? ಉಚ್ಚೆ ಸರ್ಯಾಗ್ ಓಯ್ತಾ ಅದಾ? ಇಲ್ಲಾ ಅಂದ್ರೆ ಎದ್ದೇಳವ್ವ, ಮಂಡ್ಯಕ್ಕೆ ಓಗಮ!"