ದಿಬ್ಬದ ಹುಲ್ಲು

ನನಗೆ ಯುವ ವಿಜ್ಞಾನಿ ಬಹುಮಾನ ಬಂದದ್ದು ಒಂದು ಹುಲ್ಲಿನಿಂದ. ಈಗಲೂ ಯಾರಾದರೂ ಆ ಮಾತೆತ್ತಿದರೆ ಸಿಡುಕುತ್ತೇನೆ. ಅದನ್ನು ವಿನಯ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಎಂಬತ್ತರ ದಶಕದ ನಡುವಿನ ಮಾತು. ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ ಕೆಜಿಎಫ್‌ನಲ್ಲಿ ಗುಡ್ಡಗುಡ್ಡವಾಗಿ ಬಿದ್ದಿತ್ತು. ಊರವರು ಅದನ್ನು ಸೈನೈಡ್ ದಿಬ್ಬ ಎನ್ನುತ್ತಿದ್ದರು. ಆಷಾಢದ ಗಾಳಿ ಎದ್ದರೆ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳಲ್ಲಿ ಅನ್ನದ ತಟ್ಟೆಯ ಮೇಲೂ ಧೂಳು. ಹೆಂಗಸರು ಕಿಟಕಿಗೆ ಒದ್ದೆ ಸೀರೆ ಕಟ್ಟಿ ಒಳಗೆ ಕೂತು ಕೆಮ್ಮುತ್ತಿದ್ದರು. ಆ ಧೂಳನ್ನು ಹಿಡಿದು ನಿಲ್ಲಿಸುವ ಗಿಡ ಹುಡುಕುವುದು ನನ್ನ ಸಂಶೋಧನೆ. ದಿನವೂ ಬಂಗಾರಪೇಟೆಯಿಂದ ಬೆಳಗಿನ ರೈಲಿನಲ್ಲಿ ಬಂದು ಕೋರಮಂಡಲ್ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದೆ. ನೆಟ್ಟ ಗಿಡಗಳೆಲ್ಲ ವಾರದಲ್ಲಿ ಸುಟ್ಟುಹೋಗುತ್ತಿದ್ದವು. ಕೊನೆಗೆ ಮೋರಿಯ ಬದಿಯಲ್ಲಿ ಬೆಳೆಯುವ ಒಂದು ಒರಟು ಹುಲ್ಲು ಬೇರುಬಿಟ್ಟಿತು. ಆ ದಿನ ನಾನು ದಿಬ್ಬದ ಮೇಲೆ ಕೂತು ಅತ್ತಿದ್ದೇನೆ, ಸಂತೋಷಕ್ಕೆ.

ಆ ಹುಲ್ಲಿಗೆ ನೀರು ಹಾಕಲು, ಹದಿನೈದು ದಿನಕ್ಕೊಮ್ಮೆ ಕೊಯ್ಯಲು ಬೇತಮಂಗಲದ ಕಡೆಯ ಹಳ್ಳಿಯ ಹೆಂಗಸೊಬ್ಬಳನ್ನು ಕೂಲಿಗೆ ಇಟ್ಟುಕೊಂಡೆ. ಗಂಡನಿಲ್ಲ, ಮಕ್ಕಳಿಲ್ಲ. ಒಂದು ಸೀಮೆ ಹಸು, ಅದರ ಹೆಣ್ಣುಕರು, ಇಷ್ಟೇ ಆಕೆಯ ಸಂಸಾರ. ನಾನು ಸಣಕಲಿ ಎಂದು ಆಕೆಗೆ ಮರುಕ. “ಒಂದ್ ಲೋಟ ಆಲು ಕುಡೀರಿ ಮೇಡಮ್ಮ, ಗಾಳಿಗೆ ಆರೋಗ್ತೀರ ನೀವು,” ಎಂದು ಬೆಳಿಗ್ಗೆ ಚೊಂಬಿನಲ್ಲಿ ಹಾಲು ತಂದುಕೊಡುತ್ತಿದ್ದಳು. ನಾನು ಕುಡಿಯುತ್ತಿದ್ದೆ.

ಕೊಯ್ದದ್ದರಲ್ಲಿ ನಾಲ್ಕು ಹಿಡಿ ಹುಲ್ಲನ್ನು ನಾನು ತೂಕಕ್ಕೆಂದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಮಿಕ್ಕ ಹೊರೆ ಎಲ್ಲಿಗೆ ಹೋಗುತ್ತದೆಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ನಮ್ಮ ಸೀಮೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ರಾಗಿ ಹೊಲ ಯಾರದೇ ಇರಲಿ, ಕಳೆ ಕಿತ್ತವಳಿಗೆ ಹುಲ್ಲು ಸೇರಬೇಕು. ನನ್ನ ತಾಯಿಯೂ ಕಂಡವರ ಹೊಲದಲ್ಲಿ ಕಳೆ ಕಿತ್ತು, ಸಂಜೆ ಹುಲ್ಲಿನ ಹೊರೆ ಹೊತ್ತು ಮನೆಗೆ ಬಂದವಳೇ. ಆ ಹುಲ್ಲು ತಿಂದ ಹಸುವಿನ ಹಾಲು ಕುಡಿದೇ ನಾನು ಬೆಳೆದದ್ದು. ಅದೆಲ್ಲ ಗೊತ್ತಿದ್ದವಳಿಗೆ ದಿಬ್ಬದ ಮೇಲೆ ಮಾತ್ರ ಹೊಳೆಯಲಿಲ್ಲ. ಓದಿದ ಮುಂಡೆ ನಾನು, ಹುಲ್ಲನ್ನು ತೂಕ ಮಾಡುವ ವಸ್ತು ಎಂದುಕೊಂಡಿದ್ದೆ.

ಎರಡನೆಯ ವರ್ಷ ಹಸು ಮೇವು ಬಿಟ್ಟಿತು. ಮೈಮೇಲಿನ ಕೂದಲು ಉದುರಿತು. ಒಂದು ವಾರ ಒದ್ದಾಡಿ ಸತ್ತಿತು. ಪಶುವೈದ್ಯರು ಬಂದು ನೋಡಿ, ಏನೋ ವಿಷ ಸೇರಿದೆ ಎಂದರಂತೆ. ಆಕೆಗೆ ಅಷ್ಟೇ ಸಾಕಾಯಿತು. ಹಿತ್ತಲ ಗೋಡೆಯ ಆಚೆ ಇದ್ದ ವಾರಗಿತ್ತಿಯ ಮೇಲೆ ಮೊದಲೇ ಅನುಮಾನದ ಕಣ್ಣಿತ್ತು. “ಅವ್ಳೇ ಕಣಮ್ಮ ಇಸ ಆಕಿದ್ದು. ನನ್ನ ಅಸು ಎರಡು ಒತ್ತು ಕರೀತಿತ್ತಲ್ಲ, ಒಟ್ಟೆಕಿಚ್ಚು,” ಎಂದಳು.

“ಹಸುಗೆ ಏನು ಮೇವು ಹಾಕ್ತಿದ್ದೆ?” ಎಂದು ಕೇಳಿದೆ.

“ಇನ್ನೇನು, ನಮ್ಮ ಉಲ್ಲೇ.”

ಆ ಮಧ್ಯಾಹ್ನವೇ ಹುಲ್ಲನ್ನು ಬೇರು, ಕಾಂಡ, ಎಲೆ ಎಂದು ಬಿಡಿಸಿ ಪರೀಕ್ಷೆಗೆ ಇಟ್ಟೆ. ದಿಬ್ಬದೊಳಗಿನ ಪಾಷಾಣ, ಅಂದರೆ ಆರ್ಸೆನಿಕ್, ಎಲೆಯ ತುದಿಯವರೆಗೂ ಏರಿತ್ತು. ಧೂಳು ಹಿಡಿಯುತ್ತದೆಯೇ ಎಂದು ನಾನು ನೂರು ಸಲ ಅಳೆದಿದ್ದೆ. ಎಲೆಯಲ್ಲಿ ಏನಿದೆ ಎಂದು ಒಂದು ಸಲವೂ ನೋಡಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅದು ನಾನೇ.

ಪ್ರಯೋಗಾಲಯದ ಹಿರಿಯರಿಗೆ ತೋರಿಸಿದೆ. ಅವರು ಸಮಾಧಾನವಾಗಿಯೇ ಹೇಳಿದರು. ದಿಬ್ಬದ ಹುಲ್ಲನ್ನು ದನಕ್ಕೆ ಹಾಕಿ ಎಂದು ನಾವು ಎಲ್ಲಿ ಬರೆದಿದ್ದೇವೆ? ಬಹುಮಾನಕ್ಕೆ ನಿಮ್ಮ ಹೆಸರು ಹೋಗಿದೆ, ತಿಂಗಳೊಪ್ಪತ್ತು ಸುಮ್ಮನಿರಿ. ನಾನು ಆಕೆಗೆ, “ಕರುಗೆ ಈ ಹುಲ್ಲು ಬೇಡ, ತೂಕಕ್ಕೆ ಎಲ್ಲಾ ಬೇಕು,” ಎಂದು ಸುಳ್ಳು ಹೇಳಿ ಹೊರೆಯನ್ನು ನಾನೇ ಹೂಳಿಸಿದೆ. ಕಾರಣ ಹೇಳಲಿಲ್ಲ. ಹೇಳಿದ್ದರೆ ಬಹುಮಾನ ಕೈತಪ್ಪುತ್ತಿತ್ತು. ಇದು ದುರಾಸೆ, ಬೇರೆ ಯಾವ ಹೆಸರಿನಿಂದಲೂ ಕರೆಯಲು ನನಗೆ ಮನಸ್ಸಿಲ್ಲ. ಆ ತಿಂಗಳು ಆಕೆ ಬೀದಿಯಲ್ಲಿ ನಿಂತು ವಾರಗಿತ್ತಿಗೆ ಮಣ್ಣು ತೂರಿ ಶಾಪ ಹಾಕಿದಳಂತೆ. ಎರಡೂ ಮನೆಗಳ ನಡುವೆ ಹೋಗಿಬರುವ ಬಳಕೆ ನಿಂತಿತು.

ಬಹುಮಾನ ಬಂತು. ಶಾಲು ಹೊದ್ದುಕೊಂಡ ನನ್ನ ಫೋಟೊ ಪೇಪರಿನಲ್ಲಿ ಬಂತು. ಮರುವಾರ ನಾನು ಬಸ್ಸು ಹತ್ತಿ ಆಕೆಯ ಹಳ್ಳಿಗೆ ಹೋದೆ, ಹೇಳಿಬಿಡೋಣ ಎಂದು.

ಫೋಟೊವನ್ನು ಕತ್ತರಿಸಿ ಬಾಗಿಲಿಗೆ ಅಂಟಿಸಿದ್ದಳು. ಕೊಟ್ಟಿಗೆಯಲ್ಲಿ ಹೆಣ್ಣುಕರು, ಅದರ ಮುಂದೆ ಬುಟ್ಟಿಯ ತುಂಬ ದಿಬ್ಬದ ಹುಲ್ಲು. ನಾನು ಹೂಳಿಸುತ್ತಿದ್ದದ್ದು ಬೇಲಿಯೊಳಗೆ ನಾನು ನೆಟ್ಟ ನಾಲ್ಕು ಮಡಿಗಳ ಹುಲ್ಲನ್ನು ಮಾತ್ರ. ಅದು ಬೇಲಿ ದಾಟಿ ದಿಬ್ಬದ ಇಳಿಜಾರಿಗೆಲ್ಲ ಹಬ್ಬಿತ್ತು, ಆಕೆ ಅಲ್ಲಿಂದ ಕೊಯ್ದು ತರುತ್ತಿದ್ದಳು.

ಎಲ್ಲವನ್ನೂ ಹೇಳಿದೆ. ಹಸು ಸತ್ತದ್ದು ಈ ಹುಲ್ಲಿನಿಂದ, ವಾರಗಿತ್ತಿಯಿಂದಲ್ಲ, ತಪ್ಪು ನನ್ನದು ಎಂದೆ. ಆಕೆ ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಸುಮ್ಕಿರಿ ಮೇಡಮ್ಮ. ಅವ್ಳು ಬಂದು ನಿಮ್ಮತ್ರ ಅತ್ತಿರ್ಬೇಕು, ನಿಮ್ದು ಮೆತ್ತನೆ ಮನಸು,” ಎಂದಳು. ಬಾಗಿಲ ಕಡೆ ಕೈ ತೋರಿಸಿದಳು. “ಉಲ್ಲಲ್ಲಿ ಇಸ ಇದ್ದಿದ್ರೆ ನಿಮ್ಗೆ ಬಹುಮಾನ ಯಾಕ್ ಕೊಡೋರು?”

ನನಗೆ ಸಿಟ್ಟು ಬಂತು, ಆಕೆಯ ಮೇಲಲ್ಲ. ಬುಟ್ಟಿ ಎತ್ತಿಕೊಂಡು ಹೋಗಿ ಹುಲ್ಲನ್ನು ತಿಪ್ಪೆಗೆ ಸುರಿದೆ. ಆಕೆ ತಡೆಯಲಿಲ್ಲ, ದೊಡ್ಡವರ ಮುಂದೆ ನಿಲ್ಲುವ ಹಾಗೆ ಕೈಕಟ್ಟಿ ನಿಂತಿದ್ದಳು. ಬಸ್ಸಿಗೆಂದು ರಸ್ತೆಯವರೆಗೂ ಬಂದು ತಿರುಗಿ ನೋಡಿದೆ. ತಿಪ್ಪೆಯ ಹತ್ತಿರ ಬಗ್ಗಿ, ಹುಲ್ಲನ್ನು ಕೊಡವಿ ಕೊಡವಿ ಮತ್ತೆ ಬುಟ್ಟಿಗೆ ತುಂಬುತ್ತಿದ್ದಳು.