ಗಾಳಿ ಜೋರಿತ್ತು
ಫೆಲೋಶಿಪ್ ಪಡೆದು ಜೌಗುನೆಲದ ಕಪ್ಪೆಗಳ ಮೇಲೆ ಸಂಶೋಧನೆ ಮಾಡುವ ಈ ಹುಡುಗಿಗೆ ಹೆದರಿಕೆ ಹುಟ್ಟುಗುಣ. ಸಂಶೋಧನೆಯ ಗೈಡ್ ಫೋನ್ ಮಾಡಿದರೆ ಮೊಣಕಾಲುದ್ದ ಕೆಸರಿನಲ್ಲೂ ನೆಟ್ಟಗೆ ನಿಂತು "ಹೂಂ ಸರ್" ಅನ್ನುತ್ತಾಳೆ. ಫೆಲೋಶಿಪ್ ಕಚೇರಿಯ ಪತ್ರ ಬಂದರೆ ತಂಗಿಯ ಕೈಲಿ ಒಡೆಸುತ್ತಾಳೆ. "ಹಾವು ಕಂಡ್ರೆ ಪಕ್ಕಕ್ಕೆ ಸರೀತಾಳೆ ಅಷ್ಟೆ, ಗೈಡ್ ಹೆಸರು ಕೇಳಿದ್ರೆ ಜ್ವರ ಬರುತ್ತೆ ಇವಳಿಗೆ" ಎಂದು ಅಮ್ಮ ನಗುತ್ತಾಳೆ. ದಿನಾ ಬೆಳಗ್ಗೆ ಒಂದೇ ಕಲ್ಲಿನ ಮೇಲೆ ಹತ್ತು ನಿಮಿಷ ಕೂತು, ಎಷ್ಟು ಕಪ್ಪೆ ಕೂಗಿದವೆಂದು ಬರೆದುಕೊಳ್ಳುವುದು ಇವಳ ಕೆಲಸ. ಮೂರು ವಾರದಿಂದ ಒಂದೂ ಕೂಗಿಲ್ಲ. ಸೊನ್ನೆ ಬರೆಯಲು ಕೈಯೇ ಬರದೆ "ಗಾಳಿ ಜೋರಿತ್ತು, ಕೇಳಿಸಲಿಲ್ಲ" ಎಂದು ಬರೆಯುತ್ತಾಳೆ. ಎಲೆಯೂ ಅಲುಗದ ದಿನವೂ ಅದೇ. ಫೆಲೋಶಿಪ್ಪಿನ ಕರಾರಿನಂತೆ ಶನಿವಾರ ಶಾಲೆಯ ಮಕ್ಕಳಿಗೆ ಜೌಗು ತೋರಿಸಿ ಪಾಠ ಹೇಳಬೇಕು. "ಕಪ್ಪೆ ಅಕ್ಕಾ, ಕಪ್ಪೆ ಹೇಗೆ ಕೂಗುತ್ತೆ, ಮಾಡಿ ತೋರ್ಸಿ" ಎಂದು ಮಕ್ಕಳು ದುಂಬಾಲು ಬೀಳುತ್ತಾರೆ. ಇವಳು ಕೆನ್ನೆ ಉಬ್ಬಿಸಿ ಥೇಟ್ ಕಪ್ಪೆಯಂತೆ ಕೂಗುತ್ತಾಳೆ. ಅವರು ಬಿದ್ದು ಬಿದ್ದು ನಕ್ಕರೆ, "ಶ್! ಸುಮ್ನಿರ್ರೋ, ಅದು ಉತ್ತರ ಕೊಟ್ರೆ ಕೇಳಿಸ್ಬೇಕು" ಎಂದು ಗದರುತ್ತಾಳೆ. ಮಕ್ಕಳು ನಿಜಕ್ಕೂ ಸುಮ್ಮನಾದ ಕೂಡಲೇ ಮತ್ತೆ ತಾನೇ ಕೂಗಲು ಶುರುಮಾಡುತ್ತಾಳೆ.